ಸೋಮವಾರ ಸಂಜೆಯ ಪ್ರಾರ್ಥನೆ

1968ರ ಮೇ 30ರ ಬೆಳಿಗ್ಗೆ 10 ಗಂಟೆಗೆ ಪೂರ್ವ ಜರ್ಮನಿಯ ಲೈಪ್‌ಜಿಗ್ ನಗರದ ನಟ್ಟನಡುವೆ ಒಂದು ಚರ್ಚು ನೆಲಕ್ಕುರುಳಿತು. ಸರ್ಕಾರವೇ ಸಿಡಿಮದ್ದು ಇಟ್ಟು ಉರುಳಿಸಿತ್ತು. 1240ರಲ್ಲಿ ಪ್ರತಿಷ್ಠೆಗೊಂಡ ಈ ಚರ್ಚನ್ನು 1545ರಲ್ಲಿ ಮಾರ್ಟಿನ್ ಲೂಥರ್ ಸ್ವತಃ ಬಂದು ಪ್ರೊಟೆಸ್ಟೆಂಟ್ ಆರಾಧನೆಗೆ ಒಪ್ಪಿಸಿದ್ದರು. ವಿಶ್ವವಿದ್ಯಾಲಯದ ಚರ್ಚು ಎಂದೇ ಅದಕ್ಕೆ ಹೆಸರು. 1943ರ ಡಿಸೆಂಬರಿನಲ್ಲಿ ಅರ್ಧ ನಗರವೇ ಬಾಂಬಿಗೆ ಬೆಂದುಹೋದಾಗಲೂ ಉಳಿದುಕೊಂಡಿದ್ದ ಕಟ್ಟಡ, ಕಾರ್ಲ್ ಮಾರ್ಕ್ಸ್ ಹೆಸರಿನ ಚೌಕಕ್ಕೆ ಹೊಂದುವುದಿಲ್ಲ ಎಂಬ ಕಾರಣಕ್ಕೆ ಕ್ಷಣಮಾತ್ರದಲ್ಲಿ ಕಲ್ಲಿನ ರಾಶಿಯಾಯಿತು. ಜನ ದೂರದಲ್ಲಿ ನಿಂತು ನೋಡಿದರು, ಕೆಲವರು ಅತ್ತರು. ಬಾಯಿ ತೆರೆದವರು ಪೊಲೀಸ್ ಠಾಣೆ ಸೇರಿದರು.

ಅದೇ ಚೌಕದಿಂದ ಕೂಗಳತೆ ದೂರದಲ್ಲಿ ಇನ್ನೊಂದು ಹಳೆಯ ಚರ್ಚಿದೆ, ಸಂತ ನಿಕೊಲಾಯ್ ಚರ್ಚು. ಇಪ್ಪತ್ತೊಂದು ವರ್ಷಗಳ ಬಳಿಕ ಅದೇ ಸರ್ಕಾರ ಎಂಟು ಸಾವಿರದಷ್ಟು ಸಶಸ್ತ್ರ ಸಿಬ್ಬಂದಿಯನ್ನು ನಗರಕ್ಕೆ ತಂದು ನಿಲ್ಲಿಸಿಯೂ, ಈ ಚರ್ಚಿನ ಬಾಗಿಲಿನಿಂದ ಮೇಣದಬತ್ತಿ ಹಿಡಿದು ಹೊರಬಂದ ಜನರನ್ನು ಚದುರಿಸಲಾಗದೆ ಹೋಯಿತು. 1989ರ ಅಕ್ಟೋಬರ್ 9ರ ಆ ಸಂಜೆಯ ಕಥೆಯನ್ನು ಎಲ್ಲರೂ ಬರ್ಲಿನ್ ಗೋಡೆಯ ಕಥೆಯ ಪೀಠಿಕೆಯಾಗಿ ಹೇಳುತ್ತಾರೆ. ನನಗೆ ಮಾತ್ರ ಅದಕ್ಕೂ ಹಿಂದಿನ ಏಳು ವರ್ಷಗಳು ಮುಖ್ಯವೆನಿಸುತ್ತವೆ. ಕೆಲವೊಮ್ಮೆ ಬೆರಳೆಣಿಕೆಯಷ್ಟೇ ಜನ ಸೇರುತ್ತಿದ್ದ, ಯಾರ ಗಮನಕ್ಕೂ ಬಾರದ ಸೋಮವಾರಗಳು ಅವು. ಆ ಸೋಮವಾರಗಳನ್ನು ಬಿಟ್ಟು ಆ ಸಂಜೆ ಅರ್ಥವಾಗುವುದಿಲ್ಲ.

ಪೂರ್ವ ಜರ್ಮನಿ ಹುಟ್ಟಿದಾಗ ಅದರ ಪ್ರಜೆಗಳಲ್ಲಿ ಸುಮಾರು ಶೇ 80ರಷ್ಟು ಮಂದಿ ಪ್ರೊಟೆಸ್ಟೆಂಟರು. ಲೂಥರ್ ಹುಟ್ಟಿ, ಬೋಧಿಸಿ, ಸತ್ತ ನೆಲವೇ ಅದು. ನಾಲ್ಕು ದಶಕಗಳಲ್ಲಿ ಆ ಪ್ರಮಾಣ ಕಾಲುಭಾಗಕ್ಕೆ ಇಳಿಯಿತು. ಚರ್ಚುಗಳಿಗೆ ಬೀಗ ಜಡಿದದ್ದು ಕಡಿಮೆ, ಸರ್ಕಾರದ ದಾರಿ ಬೇರೆಯಿತ್ತು. ಚರ್ಚಿನಲ್ಲಿ ದೃಢೀಕರಣ ಪಡೆಯುವ ವಯಸ್ಸಿಗೆ ಸರಿಯಾಗಿ ಸರ್ಕಾರವೇ 'ಯುವದೀಕ್ಷೆ' ಎಂಬ ಸಮಾರಂಭ ಏರ್ಪಡಿಸಿತು. ಅದಕ್ಕೆ ಹೋಗದ ಮಕ್ಕಳಿಗೆ ಪಿಯುಸಿ ಮಟ್ಟದ ಓದು, ವಿಶ್ವವಿದ್ಯಾಲಯದ ಸೀಟು, ಒಳ್ಳೆಯ ನೌಕರಿ ಎಲ್ಲವೂ ಕೈಗೆಟುಕದಾಯಿತು. ಭಾನುವಾರ ಚರ್ಚಿಗೆ ಹೋದರೆ ಮಗಳ ಓದು ನಿಲ್ಲುತ್ತದೆ ಎಂದಾದರೆ ಎಷ್ಟು ತಂದೆತಾಯಿ ಹೋಗುತ್ತಾರೆ? ನಂಬಿಕೆ ಹಾಗೆ ಸದ್ದಿಲ್ಲದೆ ಸೋರಿಹೋಯಿತು.

ಆದರೂ ಆ ದೇಶದಲ್ಲಿ ಆಳುವ ಕಮ್ಯುನಿಸ್ಟ್ ಪಕ್ಷದ ಹಿಡಿತಕ್ಕೆ ಪೂರ್ತಿ ಸಿಗದ ಒಂದೇ ಒಂದು ಸೂರು ಎಂದರೆ ಚರ್ಚಿನದು. 1978ರ ಮಾರ್ಚ್ 6ರಂದು ಪಕ್ಷದ ಮುಖ್ಯಸ್ಥ ಎರಿಕ್ ಹೊನೆಕರ್ ಮತ್ತು ಬಿಷಪ್ ಆಲ್ಬ್ರೆಕ್ಟ್ ಶೋನ್‌ಹೆರ್ ಮುಖಾಮುಖಿ ಕೂತು ಒಂದು ಒಪ್ಪಂದಕ್ಕೆ ಬಂದರು. ಚರ್ಚು ಸಮಾಜವಾದಿ ವ್ಯವಸ್ಥೆಯೊಳಗೇ ಇರುತ್ತದೆ, ಸರ್ಕಾರ ಅದರ ಒಳ ವ್ಯವಹಾರಕ್ಕೆ ಕೈಹಾಕುವುದಿಲ್ಲ. ಇದನ್ನು ರಾಜಿ ಎಂದು ಬೈದವರಿದ್ದಾರೆ, ಅವರ ಮಾತಿನಲ್ಲಿ ಸುಳ್ಳಿಲ್ಲ. ಆದರೆ ಆ ರಾಜಿಯಿಂದಲೇ ಒಂದು ಅನುಕೂಲವೂ ಆಯಿತು. ಹೊರಗೆ ಹತ್ತು ಜನ ಗುಂಪುಗೂಡಲು ಪೊಲೀಸರ ಪರವಾನಗಿ ಬೇಕಿತ್ತು. ಒಳಗೆ ನೂರು ಜನ ಸೇರಿ ಪ್ರಾರ್ಥನೆ ಮಾಡಲು ಯಾರನ್ನೂ ಕೇಳಬೇಕಿರಲಿಲ್ಲ.

ನಿಕೊಲಾಯ್ ಚರ್ಚು ಲೈಪ್‌ಜಿಗ್‌ನ ನಗರ ಪದವಿಯಷ್ಟೇ ಹಳೆಯದು. ಸುಮಾರು 1165ರಲ್ಲಿ, ನಗರಕ್ಕೆ ವ್ಯಾಪಾರದ ಹಕ್ಕು ಸಿಕ್ಕ ಕಾಲಕ್ಕೆ, ವರ್ತಕರ ರಕ್ಷಕನೆನಿಸಿದ ಸಂತ ನಿಕೊಲಾಸನ ಹೆಸರಿನಲ್ಲಿ ಎದ್ದದ್ದು. ಯೋಹಾನ್ ಸೆಬಾಸ್ಟಿಯನ್ ಬಾಕ್ ಈ ಊರಿನ ಚರ್ಚುಗಳ ಸಂಗೀತದ ಹೊಣೆ ಹೊತ್ತಿದ್ದಾಗ, ಯೋಹಾನನ ಸುವಾರ್ತೆಯನ್ನು ಆಧರಿಸಿದ ತನ್ನ ಶ್ರಮೆಯ ಗಾಯನವನ್ನು 1724ರ ಶುಭ ಶುಕ್ರವಾರ ಮೊದಲ ಬಾರಿಗೆ ಹಾಡಿಸಿದ್ದು ಇಲ್ಲೇ. ಒಳಗೆ ಹೋದವರ ಕಣ್ಣಿಗೆ ಮೊದಲು ಬೀಳುವುದು ಕಂಬಗಳು. ಬಿಳಿಯ ಕಂಬದ ತುದಿಯಲ್ಲಿ ಎಳೆ ಹಸಿರಿನ ತಾಳೆಗರಿಗಳು ಬಿಚ್ಚಿಕೊಂಡಿವೆ. ಹದಿನೆಂಟನೇ ಶತಮಾನದ ಕೊನೆಯಲ್ಲಿ ವಾಸ್ತುಶಿಲ್ಪಿ ಡೌಟೆ ಮಾಡಿಸಿದ ಕೆಲಸ ಅದು.

ಈ ಚರ್ಚಿಗೆ 1980ರಲ್ಲಿ ಹೊಸ ಸಭಾಪಾಲಕರು ಬಂದರು. ಹೆಸರು ಕ್ರಿಸ್ಟಿಯಾನ್ ಫ್ಯೂರರ್. ಹಳ್ಳಿಯ ಸಭಾಪಾಲಕರ ಮಗ, ಆಗ ವಯಸ್ಸು 37. ಕತ್ತರಿಸಿದ ಮೋಟು ಕೂದಲು, ಮೈಮೇಲೆ ಸದಾ ಒಂದು ಜೀನ್ಸ್ ಬಟ್ಟೆಯ ತೋಳಿಲ್ಲದ ಜಾಕೆಟ್ಟು. ಯೇಸುವಿನ ಪರ್ವತ ಪ್ರಸಂಗವನ್ನು ಅಕ್ಷರಶಃ ಬದುಕಬೇಕು ಎಂದು ನಂಬಿದ್ದವರು. ಶತ್ರುವನ್ನೂ ಪ್ರೀತಿಸಬೇಕೆಂಬ ಆ ಬೋಧನೆ ಅವರಿಗೆ ಉಪದೇಶದ ಮಾತಾಗಿರಲಿಲ್ಲ, ಬೆಳಗಾದರೆ ಮಾಡಬೇಕಾದ ಕೆಲಸವಾಗಿತ್ತು. ಬಾಗಿಲ ಬಳಿ ಒಂದು ಹಲಗೆ ನಿಲ್ಲಿಸಲಾಯಿತು: ನಿಕೊಲಾಯ್ ಚರ್ಚು, ಎಲ್ಲರಿಗೂ ತೆರೆದಿದೆ. ಚರ್ಚಿನ ಮುಂದೆ ಇಂಥ ಹಲಗೆ ಎಲ್ಲೆಲ್ಲೂ ಕಾಣಸಿಗುತ್ತದೆ. 'ಎಲ್ಲರೂ' ಎಂದರೆ ಯಾರೆಂದು ನಿಜವಾಗಿ ಕೇಳಿಕೊಂಡವರು ಕಡಿಮೆ.

ಆ ಕಾಲದಲ್ಲಿ ಎರಡೂ ಜರ್ಮನಿಗಳು ಅಣ್ವಸ್ತ್ರ ಕ್ಷಿಪಣಿಗಳನ್ನು ನೆಡುವ ನೆಲವಾಗಿದ್ದವು. 1978ರಿಂದ ಪೂರ್ವ ಜರ್ಮನಿಯ ಶಾಲೆಗಳಲ್ಲಿ ಸೈನಿಕ ಶಿಕ್ಷಣ ಕಡ್ಡಾಯವಾಯಿತು. ಹದಿನೈದು ವರ್ಷದ ಹುಡುಗ ಹುಡುಗಿಯರು ಯುದ್ಧದ ಪಾಠ ಓದಬೇಕಿತ್ತು. ಇದಕ್ಕೆ ಉತ್ತರವಾಗಿ ಚರ್ಚುಗಳು ಪ್ರತಿ ನವೆಂಬರಿನಲ್ಲಿ ಹತ್ತು ದಿನಗಳ ಶಾಂತಿ ಪ್ರಾರ್ಥನೆ ಆರಂಭಿಸಿದವು. ಕತ್ತಿಯನ್ನು ನೇಗಿಲ ಗುಳವಾಗಿ ಬಡಿಯುವ ಮನುಷ್ಯನ ಚಿತ್ರ ಅದರ ಗುರುತು. ಮೂಲ ಮಾತು ಪ್ರವಾದಿ ಮೀಕನದು, ಚಿತ್ರದ ಮೂಲವೋ ಸೋವಿಯತ್ ಶಿಲ್ಪಿ ವುಚೆಟಿಚ್ ಕಡೆದು, ಸೋವಿಯತ್ ಒಕ್ಕೂಟವೇ 1959ರಲ್ಲಿ ವಿಶ್ವಸಂಸ್ಥೆಗೆ ಕಾಣಿಕೆ ಕೊಟ್ಟ ವಿಗ್ರಹ! ಕಾಗದದ ಮೇಲೆ ಅಚ್ಚು ಹಾಕಲು ಸರ್ಕಾರದ ಅನುಮತಿ ಬೇಕು, ಬಟ್ಟೆಗೆ ಬೇಡ. ಹಾಗಾಗಿ ಚರ್ಚಿನವರು ಬಟ್ಟೆಯ ಮೇಲೆ ಅಚ್ಚು ಹಾಕಿಸಿದರು. ಸಾವಿರಾರು ಹುಡುಗರು ಅದನ್ನು ಅಂಗಿಯ ತೋಳಿಗೆ ಹೊಲಿದುಕೊಂಡರು. 1982ರ ಹೊತ್ತಿಗೆ ಪೊಲೀಸರು ಬೀದಿಯಲ್ಲೇ ಹಿಡಿದು ಅದನ್ನು ಕತ್ತರಿಸಿ ತೆಗೆಯತೊಡಗಿದರು. ಕೆಲವರು ಆ ತೂತನ್ನು ಹಾಗೇ ಬಿಟ್ಟುಕೊಂಡು ಓಡಾಡಿದರು.

1981ರ ನವೆಂಬರಿನ ಒಂದು ಸಂಜೆ ಫ್ಯೂರರ್ ಊರಿನ ಯುವಕರನ್ನು ಚರ್ಚಿಗೆ ಕರೆದರು. ಅವರೆಣಿಸಿದ್ದಕ್ಕಿಂತ ಬಹಳ ಹೆಚ್ಚು ಮಂದಿ ಬಂದರು. ಹಲವರು ಚರ್ಚಿನ ಹೊಸಿಲನ್ನೇ ತುಳಿದವರಲ್ಲ. ಅವರನ್ನು ಬೆಂಚುಗಳಲ್ಲಿ ಕೂರಿಸಿ ಪ್ರಸಂಗ ಹೇಳುವ ಬದಲು ಫ್ಯೂರರ್ ನೆಲದ ಮೇಲೆ ಒಂದು ಮರದ ಶಿಲುಬೆ ಇಟ್ಟು ಸುತ್ತ ಕೂರಿಸಿಕೊಂಡರು. ಮಾತಾಡಬೇಕೆನಿಸಿದವರು ಒಂದು ಮೇಣದಬತ್ತಿ ಹಚ್ಚಿ, ಮನಸ್ಸಿನಲ್ಲಿದ್ದುದನ್ನು ಹೇಳಿ, ಶಿಲುಬೆಯ ಮೇಲಿಡಬೇಕು. ಒಬ್ಬೊಬ್ಬರಾಗಿ ಎದ್ದು ಬಂದರು, ಶಿಲುಬೆಯುದ್ದಕ್ಕೂ ಬೆಳಕಾಯಿತು. ಮುಂದಿನ ವರ್ಷ ನಗರದ ಅಂಚಿನ ಪ್ರೊಬ್ಸ್ಟ್‌ಹೈಡಾ ಬಡಾವಣೆಯ ಯುವಸಭೆ ಮತ್ತು ಅದರ ಸೇವಕ ಗ್ಯುಂಟರ್ ಯೋಹಾನ್ಸೆನ್, ಹತ್ತು ದಿನ ಸಾಲದು, ವಾರವಾರವೂ ನಡೆಯಲಿ ಎಂದು ಕೇಳಿಕೊಂಡರು. 1982ರ ಸೆಪ್ಟೆಂಬರ್ 20ರ ಸೋಮವಾರ ಸಂಜೆ 5 ಗಂಟೆಗೆ ನಿಕೊಲಾಯ್ ಚರ್ಚಿನಲ್ಲಿ ಮೊದಲ ಶಾಂತಿ ಪ್ರಾರ್ಥನೆ ನಡೆಯಿತು.

ಮೊದಲ ಉತ್ಸಾಹ ಬೇಗ ಇಳಿಯಿತು. ಪಶ್ಚಿಮ ಜರ್ಮನಿಯಲ್ಲಿ ಅಮೆರಿಕದ ಕ್ಷಿಪಣಿಗಳು ಬಂದು ಕೂತಾಗ, ಎಷ್ಟು ಪ್ರಾರ್ಥಿಸಿದರೂ ಇಷ್ಟೇ ಎಂಬ ನಿರಾಸೆ ಕವಿಯಿತು. ಎರಡು ಸಾವಿರ ಜನ ಹಿಡಿಸುವ ಆಲಯದ ಒಂದು ಮೂಲೆಯಲ್ಲಿ ಹತ್ತು ಮಂದಿಯೂ ಇಲ್ಲದ ಸೋಮವಾರಗಳಿದ್ದವು. ಇನ್ನು ಸಾಕು, ನಿಲ್ಲಿಸೋಣ ಎಂಬ ಮಾತು ಬಂದಿತ್ತು, ಆದರೂ ನಿಲ್ಲಿಸಲಿಲ್ಲ. ನೂರಾರು ವರ್ಷ ಹಳೆಯ ಆಲಯದ ಚಳಿಯಲ್ಲಿ ಕೋಟು ಹೊದ್ದು ಕೂತ ಆ ಕೆಲವರನ್ನು ಇತಿಹಾಸ ಹೆಸರಿಟ್ಟು ಕರೆಯುವುದಿಲ್ಲ.

ಲೈಪ್‌ಜಿಗ್‌ಗೆ ಆಗ ಶಾಂತಿಯ ಜತೆಗೆ ಉಸಿರೂ ಬೇಕಾಗಿತ್ತು. ನಗರದ ದಕ್ಷಿಣಕ್ಕೆ ಕಂದು ಕಲ್ಲಿದ್ದಲಿನ ತೆರೆದ ಗಣಿಗಳು, ಎಸ್ಪೆನ್‌ಹೈನ್‌ನ ಕಾರ್ಖಾನೆಗಳು. ಒಣಹಾಕಿದ ಬಟ್ಟೆ ಸಂಜೆಗೆ ಮಸಿಯಾಗುತ್ತಿತ್ತು, ಮಕ್ಕಳಿಗೆ ಕೆಮ್ಮು ಬಿಡುತ್ತಿರಲಿಲ್ಲ. ಊರ ನದಿ ಪ್ಲೈಸೆ ಎಷ್ಟು ನಾರುತ್ತಿತ್ತೆಂದರೆ, ನಗರದ ಮಧ್ಯಭಾಗದಲ್ಲಿ ಅದನ್ನು ಕೊಳವೆಗಳಲ್ಲಿ ಹೂತುಬಿಟ್ಟಿದ್ದರು. ಹಳೆಯ ವಠಾರಗಳು ಬೀದಿಗಟ್ಟಲೆ ಕುಸಿಯುತ್ತಿದ್ದವು. ಇದನ್ನು ಹೇಳಿಕೊಳ್ಳಲು ಪತ್ರಿಕೆಯಿಲ್ಲ, ನ್ಯಾಯಾಲಯವಿಲ್ಲ. ಮಾಲಿನ್ಯದ ಅಂಕಿಅಂಶಗಳೇ ಸರ್ಕಾರದ ಗುಟ್ಟು. ಪರಿಸರ, ಮಾನವ ಹಕ್ಕು, ಬಡರಾಷ್ಟ್ರಗಳ ನೆರವು ಎಂದು ಕೆಲಸ ಮಾಡುವ ಸಣ್ಣ ಸಣ್ಣ ಗುಂಪುಗಳು ಚರ್ಚಿನ ಸೂರಿನಡಿ ಹುಟ್ಟಿಕೊಂಡವು. 1988ರ ಜೂನಿನಲ್ಲಿ ಇಂಥ ಗುಂಪುಗಳು ಸತ್ತ ನದಿಯ ಸ್ಮರಣೆಗೆಂದು ಅದರ ದಂಡೆಯುದ್ದಕ್ಕೂ ನಡೆದವು.

ಈ ಗುಂಪುಗಳಿಗೆ ಬೆನ್ನಾಗಿ ನಿಂತವರು ಇನ್ನೊಬ್ಬ ಸಭಾಪಾಲಕ, ಕ್ರಿಸ್ಟೋಫ್ ವೊನೆಬೆರ್ಗರ್. ಫ್ಯೂರರ್‌ಗಿಂತ ಒಂದು ವರ್ಷಕ್ಕೆ ಕಿರಿಯರು. ಯಂತ್ರ ಕೆಲಸ ಕಲಿತು ಬಳಿಕ ದೇವಶಾಸ್ತ್ರ ಓದಿದವರು. 1968ರಲ್ಲಿ ಪ್ರಾಗ್ ನಗರದಲ್ಲಿ ಸೋವಿಯತ್ ಟ್ಯಾಂಕುಗಳನ್ನು ಕಣ್ಣಾರೆ ಕಂಡಿದ್ದರು. ಡ್ರೆಸ್ಡೆನ್‌ನಲ್ಲಿದ್ದಾಗ, ಸೈನ್ಯಕ್ಕೆ ಹೋಗಲೊಲ್ಲದ ಯುವಕರಿಗೆ ಆಸ್ಪತ್ರೆ, ವೃದ್ಧಾಶ್ರಮಗಳಲ್ಲಿ 24 ತಿಂಗಳು ಸೇವೆ ಸಲ್ಲಿಸಲು ಅವಕಾಶ ಕೊಡಿ ಎಂಬ ಬೇಡಿಕೆ ಮುಂದಿಟ್ಟು ಸರ್ಕಾರದ ಕಣ್ಣಿಗೆ ಬಿದ್ದರು. 1985ರಲ್ಲಿ ಲೈಪ್‌ಜಿಗ್‌ನ ಕಾರ್ಮಿಕರ ಬಡಾವಣೆಯ ಲೂಕನ ಚರ್ಚಿಗೆ ಬಂದರು. ಸೋಮವಾರದ ಪ್ರಾರ್ಥನೆಗಳನ್ನು ಹೊಂದಿಸುವ ಹೊಣೆ ಅವರ ಹೆಗಲಿಗೆ ಬಂದದ್ದು ಆಮೇಲೆ. ಒಂದೊಂದು ವಾರ ಒಂದೊಂದು ಗುಂಪು ಪ್ರಾರ್ಥನೆ ನಡೆಸುವ ಪದ್ಧತಿ ಬಂತು. ನದಿಯ ನೀರು, ಜೈಲಿನಲ್ಲಿರುವ ಗೆಳೆಯ, ಶಾಲೆಯಿಂದ ಹೊರಹಾಕಿಸಿಕೊಂಡ ಹುಡುಗಿ, ಎಲ್ಲವೂ ದೇವರ ಮುಂದೆ ಗಟ್ಟಿಯಾಗಿ ಹೇಳಬಹುದಾದ ವಿಷಯಗಳಾದವು.

ಮತ್ತೊಂದು ಬಗೆಯ ಜನ ಬಂದದ್ದು 1988ರಲ್ಲಿ. ದೇಶ ಬಿಟ್ಟು ಹೋಗಲು ಅರ್ಜಿ ಹಾಕಿದವರು. ಅರ್ಜಿ ಹಾಕಿದ ಮೇಲೆ ಹಲವರ ನೌಕರಿ ಹೋಗುತ್ತಿತ್ತು. ನೆರೆಯವರು ಮಾತು ಬಿಡುತ್ತಿದ್ದರು. ವರ್ಷಗಟ್ಟಲೆ ಉತ್ತರವಿರುತ್ತಿರಲಿಲ್ಲ. ಅವರಿಗಾಗಿ ಫ್ಯೂರರ್ ಫೆಬ್ರುವರಿ 19ರಂದು ಒಂದು ಸಭೆ ಕರೆದರು. ಹೋಗುವವರನ್ನು ಉದ್ದೇಶಿಸಿಯೇ, ಈ ದೇಶದಲ್ಲಿ ಬದುಕುವುದು ಮತ್ತು ಉಳಿಯುವುದು ಎಂಬುದು ಅದರ ವಿಷಯ. ನೂರಾರು ಮಂದಿ ಬಂದರು, ಅಂದಿನಿಂದ ಸೋಮವಾರಗಳಿಗೂ ಬರತೊಡಗಿದರು. ಇವರಿಗೆ ಪ್ರಾರ್ಥನೆ ಬೇಕಿಲ್ಲ, ಗುಂಪು ಬೇಕು ಅಷ್ಟೇ ಎಂದು ಚರ್ಚಿನವರೇ ಮೂಗು ಮುರಿದರು. ದೇಶದೊಳಗೇ ಇದ್ದು ಬದಲಿಸಬೇಕೆಂದಿದ್ದ ಹೋರಾಟಗಾರರಿಗೂ ಅವರನ್ನು ಕಂಡರೆ ಅಷ್ಟಕ್ಕಷ್ಟೆ. ನಂಬಿಕೆಯಿಲ್ಲದವರು, ನಾಳೆ ಹೊರಟುಹೋಗುವವರು, ಚರ್ಚಿಗೆ ಒಂದು ಕಾಸಿನ ಪ್ರಯೋಜನವೂ ಇಲ್ಲದವರು ಅವರು. ಫ್ಯೂರರ್ ಹಲಗೆಯ ಮಾತನ್ನು ಹಿಂತೆಗೆದುಕೊಳ್ಳಲಿಲ್ಲ. ನಿಕೊಲಾಯ್ ಚರ್ಚಿನ ನಿಜವಾದ ಪರೀಕ್ಷೆ ನಡೆದದ್ದು ಆ ವರ್ಷ ಎಂದು ನಾನು ತಿಳಿಯುತ್ತೇನೆ.

ಆ ಪರೀಕ್ಷೆಯಲ್ಲಿ ಚರ್ಚು ಒಮ್ಮೆ ಎಡವಿತು ಎಂಬುದನ್ನೂ ಹೇಳಲೇಬೇಕು. ಬೇಸಿಗೆಯ ರಜೆಗೆ ಮುನ್ನ ನಡೆದ ಪ್ರಾರ್ಥನೆಯಲ್ಲಿ, ಗೋಡೆಬರಹಕ್ಕಾಗಿ ದಂಡ ತೆರಬೇಕಾದ ಒಬ್ಬ ಯುವಕನಿಗಾಗಿ ಕಾಣಿಕೆ ಎತ್ತಲಾಯಿತು. ಸರ್ಕಾರ ಕೆಂಡವಾಯಿತು. ಚರ್ಚಿನ ಜಿಲ್ಲಾ ಮೇಲ್ವಿಚಾರಕ ಫ್ರೀಡ್ರಿಶ್ ಮಾಗಿರಿಯುಸ್ ಅವರು ವೊನೆಬೆರ್ಗರ್ ಅವರನ್ನು ಹೊಣೆಯಿಂದ ಬಿಡಿಸಿದರು, ಗುಂಪುಗಳ ಕೈಯಿಂದ ಪ್ರಾರ್ಥನೆಯನ್ನು ತೆಗೆದು ಸಭಾಪಾಲಕರಿಗೆ ಒಪ್ಪಿಸಿದರು. ಆಗಸ್ಟ್ ಕೊನೆಯಲ್ಲಿ ಪ್ರಾರ್ಥನೆ ಮತ್ತೆ ಆರಂಭವಾದಾಗ ಗುಂಪಿನವರು ಎದ್ದು ಪ್ರತಿಭಟಿಸಿದರು. ಆಲಯದೊಳಗೇ ಧ್ವನಿವರ್ಧಕ ಬಂದ್ ಆಯಿತು. ಒಳಗೆ ಬಾಯಿ ಕಟ್ಟಿದ್ದರಿಂದ ಅವರು ಹೊರಗಿನ ಅಂಗಳಕ್ಕೆ ಹೋಗಿ ನಿಂತು ಮಾತಾಡಿದರು, ಮುಂದಿನ ಸೋಮವಾರವೂ ಮಾತಾಡಿದರು. ಹೀಗೆ ಚರ್ಚಿನ ಮುಂದಿನ ಕಲ್ಲುಹಾಸಿನ ಅಂಗಳ ಊರಿನಲ್ಲಿ ಬಿಚ್ಚುಮಾತಿಗೆ ಸಿಕ್ಕ ಮೊದಲ ಬಯಲಾಯಿತು. ಮಾಗಿರಿಯುಸ್ ಅವರು ಸರ್ಕಾರಕ್ಕೆ ಮಣಿದರೋ, ಪ್ರಾರ್ಥನೆ ಪೂರ್ತಿ ನಿಷೇಧವಾಗದಂತೆ ಕಾಯ್ದರೋ ಎಂಬ ವಾದ ಇಂದಿಗೂ ಮುಗಿದಿಲ್ಲ. ಎರಡೂ ಸ್ವಲ್ಪ ಸ್ವಲ್ಪ ನಿಜವಿರಬೇಕು. 1989ರ ಏಪ್ರಿಲ್‌ನಲ್ಲಿ ಗುಂಪುಗಳನ್ನು ಮತ್ತೆ ಒಳಗೆ ಕರೆಯಲಾಯಿತು.

ಅಲ್ಲಿಂದ ಘಟನೆಗಳು ಓಡತೊಡಗಿದವು. ಮೇ 7ರಂದು ಸ್ಥಳೀಯ ಚುನಾವಣೆ. ಪಕ್ಷದ ಪಟ್ಟಿಗೆ ಶೇ 98.85 ಮತ ಎಂದು ಘೋಷಣೆಯಾಯಿತು. ಈ ಸಲ ಚರ್ಚಿನ ಗುಂಪಿನವರು ಹಲವು ಊರುಗಳ ಮತಗಟ್ಟೆಗಳಲ್ಲಿ ಕೂತು ಎಣಿಕೆ ನೋಡಿದ್ದರು, ಸುಳ್ಳು ಸಿಕ್ಕಿಬಿತ್ತು. ಮರುದಿನ ಸೋಮವಾರ. ಅಂದಿನಿಂದ ನಿಕೊಲಾಯ್ ಚರ್ಚಿನ ಸುತ್ತಲ ಬೀದಿಗಳಿಗೆ ಪೊಲೀಸರು ಅಡ್ಡ ನಿಂತರು. ಜೂನ್ 4ರಂದು ಬೀಜಿಂಗ್‌ನ ತಿಯಾನನ್ಮೆನ್ ಚೌಕದ ಸುತ್ತ ಚೀನಾದ ಸೈನ್ಯ ತನ್ನದೇ ಮಕ್ಕಳ ಮೇಲೆ ಗುಂಡು ಹಾರಿಸಿತು. ಪೂರ್ವ ಜರ್ಮನಿಯ ಸಂಸತ್ತು ಅದನ್ನು ಸಮರ್ಥಿಸಿ ನಿರ್ಣಯ ಅಂಗೀಕರಿಸಿತು. ಅದು ಯಾರಿಗೆ ಹೇಳಿದ ಮಾತು ಎಂಬುದು ಲೈಪ್‌ಜಿಗ್‌ನವರಿಗೆ ಅರ್ಥವಾಯಿತು. ಸೆಪ್ಟೆಂಬರ್ 11ರಂದು ಹಂಗೆರಿ ಆಸ್ಟ್ರಿಯಾದ ಕಡೆಯ ಗಡಿಯನ್ನು ತೆರೆದದ್ದೇ ತಡ, ಸಾವಿರಾರು ಮಂದಿ ಪೂರ್ವ ಜರ್ಮನರು ಆ ದಾರಿಯಲ್ಲಿ ಹೊರಟುಹೋದರು.

ಅದಕ್ಕೂ ಒಂದು ವಾರ ಮುಂಚೆ, ಸೆಪ್ಟೆಂಬರ್ 4ರಂದು, ಪ್ರಾರ್ಥನೆ ಮುಗಿಸಿ ಹೊರಬಂದ ಇಬ್ಬರು ಯುವತಿಯರು ಒಂದು ಬಟ್ಟೆ ಬಿಚ್ಚಿ ಹಿಡಿದರು. ಗೇಸಿನೆ ಓಲ್ಟ್‌ಮಾನ್ಸ್ ಮತ್ತು ಕಾಟ್ರಿನ್ ಹಾಟನ್‌ಹೌಅರ್. ತೆರೆದ ದೇಶ ಬೇಕು, ಸ್ವತಂತ್ರ ಜನ ಬೇಕು ಎಂಬುದು ಅದರ ಮೇಲಿನ ಬರಹ. ಲೈಪ್‌ಜಿಗ್‌ನ ವ್ಯಾಪಾರ ಮೇಳ ನಡೆಯುತ್ತಿದ್ದ ವಾರ ಅದು. ಪಶ್ಚಿಮದ ಪತ್ರಕರ್ತರು ಕ್ಯಾಮೆರಾ ಹಿಡಿದು ಅಂಗಳದಲ್ಲೇ ಇದ್ದರು. ಗುಪ್ತ ಪೊಲೀಸ್ ಸ್ಟಾಜಿಯವರು ಆ ಬಟ್ಟೆಯನ್ನು ಕಿತ್ತೆಳೆದದ್ದು ಅದೇ ರಾತ್ರಿ ಟಿವಿಯಲ್ಲಿ ಬಂತು. ಪಶ್ಚಿಮದ ಟಿವಿ ನೋಡುತ್ತಿದ್ದ ಪೂರ್ವ ಜರ್ಮನಿಯ ಮನೆಮನೆಗೂ ಅದು ತಲುಪಿತು. ಮೇಳ ಮುಗಿದು ಕ್ಯಾಮೆರಾಗಳು ಹೋದ ಮುಂದಿನ ಸೋಮವಾರ ಹಲವರ ಬಂಧನವಾಯಿತು.

ಚರ್ಚಿನ ಸೇವೆ ಎಂದರೇನೆಂದು ಊರು ಕಂಡದ್ದು ಆಗ. ಬಂಧಿತರ ಹೆಸರುಗಳನ್ನು ನಿಕೊಲಾಯ್ ಚರ್ಚಿನ ಕಿಟಕಿಯ ಕಬ್ಬಿಣದ ಜಾಲರಿಗೆ ತೂಗುಹಾಕಿದರು. ಅದರ ಕೆಳಗೆ ಹೂವು, ಮೇಣದಬತ್ತಿ. ರಾತ್ರಿ ಪೊಲೀಸರು ತೆಗೆಸಿದರೆ ಬೆಳಿಗ್ಗೆ ಯಾರೋ ಮತ್ತೆ ಇಟ್ಟಿರುತ್ತಿದ್ದರು. ಆಲಯದೊಳಗೆ ಅವರಿಗಾಗಿ ಪ್ರಾರ್ಥನೆ ನಡೆಯುತ್ತಿತ್ತು. ಯಾರು ಎಲ್ಲಿ ಬಂಧನದಲ್ಲಿದ್ದಾರೆ ಎಂಬ ಸುದ್ದಿಯನ್ನು ಲೂಕನ ಚರ್ಚಿನ ಒಂದೇ ಟೆಲಿಫೋನಿನಿಂದ ದೇಶದ ಮೂಲೆಮೂಲೆಗೂ ಮುಟ್ಟಿಸಲಾಗುತ್ತಿತ್ತು. ಸ್ಟಾಜಿ ಆ ಫೋನನ್ನು ಕೇಳಿಸಿಕೊಳ್ಳುತ್ತಿತ್ತು, ಅದು ವೊನೆಬೆರ್ಗರ್‌ಗೆ ಗೊತ್ತಿತ್ತು. ಆದರೂ ಮಾತಾಡಿದರು. ಸಭಾಪಾಲಕರ ನಡುವೆಯೇ ಮಾಹಿತಿದಾರರಿದ್ದರು ಎಂಬುದು ಮುಂದೆ ಕಡತಗಳು ತೆರೆದಾಗ ತಿಳಿಯಿತು.

ಸೆಪ್ಟೆಂಬರ್ 25ರಂದು ವೊನೆಬೆರ್ಗರ್ ನಿಕೊಲಾಯ್ ಚರ್ಚಿನಲ್ಲಿ ಹಿಂಸೆಯ ಕುರಿತು ಪ್ರಸಂಗ ಮಾಡಿದರು. ಕೋಲೆತ್ತಿದವನು ಕೋಲಿಗೇ ಬಲಿ ಎಂಬ ಧಾಟಿಯಲ್ಲಿ ಸರ್ಕಾರಕ್ಕೂ ಜನರಿಗೂ ಒಂದೇ ಮಾತು ಹೇಳಿದರು. ಅಂದು ಸಾವಿರಾರು ಮಂದಿ ಮೊದಲ ಬಾರಿಗೆ ಅಂಗಳ ಬಿಟ್ಟು ವರ್ತುಲ ರಸ್ತೆಗೆ ಇಳಿದರು. ಅಕ್ಟೋಬರ್ 2ರಂದು, ಗಾಂಧೀಜಿಯವರ ಜನ್ಮದಿನ, ಸುಮಾರು 20,000 ಮಂದಿ. ಅಕ್ಟೋಬರ್ 7ರಂದು ದೇಶದ 40ನೇ ವರ್ಷದ ಹಬ್ಬ. ಬರ್ಲಿನ್‌ನಲ್ಲಿ ಸೋವಿಯತ್ ನಾಯಕ ಗೋರ್ಬಚೇವ್ ಎದುರು ಪಥಸಂಚಲನ ನಡೆದರೆ, ಲೈಪ್‌ಜಿಗ್‌ನಲ್ಲಿ ಪೊಲೀಸರು ಸಿಕ್ಕಸಿಕ್ಕವರಿಗೆ ಲಾಠಿ ಬೀಸಿದರು. ಬಂಧಿತರನ್ನು ನಗರದ ಹೊರಗಿನ ಮಾರ್ಕ್‌ಕ್ಲೀಬರ್ಗ್‌ನಲ್ಲಿ ಕುದುರೆ ಲಾಯಗಳಿಗೆ ತುಂಬಿದರು.

ಹಬ್ಬದ ಹಿಂದಿನ ದಿನ, ಅಕ್ಟೋಬರ್ 6ರ ನಗರದ ಪತ್ರಿಕೆಯಲ್ಲಿ ಕಾರ್ಮಿಕ ದಳದ ಒಬ್ಬ ಕಮಾಂಡರ್ ಹೆಸರಿನಲ್ಲಿ ಒಂದು ಪತ್ರ ಅಚ್ಚಾಗಿತ್ತು. ಬೇಕಾದರೆ ಕೈಯಲ್ಲಿ ಆಯುಧ ಹಿಡಿದಾದರೂ ಇದನ್ನು ನಿಲ್ಲಿಸುತ್ತೇವೆ ಎಂಬುದು ಅದರ ಸಾರ. ಅಕ್ಟೋಬರ್ 9ರ ಸೋಮವಾರ ಬೆಳಗಾದಾಗ ಊರಿಗೆ ಊರೇ ಉಸಿರು ಬಿಗಿಹಿಡಿದಿತ್ತು. ಆಸ್ಪತ್ರೆಗಳಲ್ಲಿ ಹಾಸಿಗೆ ಖಾಲಿ ಮಾಡಿಸುತ್ತಿದ್ದಾರೆ, ರಕ್ತ ತರಿಸಿಡುತ್ತಿದ್ದಾರೆ ಎಂದು ಸುದ್ದಿ. ಮಕ್ಕಳನ್ನು ಮಧ್ಯಾಹ್ನವೇ ಶಿಶುವಿಹಾರದಿಂದ ಕರೆದೊಯ್ಯಿರಿ ಎಂದು ಸುದ್ದಿ. ತಿಯಾನನ್ಮೆನ್ ಎಲ್ಲರ ಮನಸ್ಸಿನಲ್ಲಿತ್ತು.

ಪಕ್ಷ ಇನ್ನೊಂದು ಉಪಾಯ ಹೂಡಿತ್ತು. ಚರ್ಚನ್ನು ತನ್ನವರಿಂದಲೇ ತುಂಬಿಸಿಬಿಡುವುದು. ಮಧ್ಯಾಹ್ನ 2 ಗಂಟೆಗೇ ಸುಮಾರು 600 ಮಂದಿ ಪಕ್ಷದ ಸದಸ್ಯರು ಬಂದು ನಡುಭಾಗದ ಬೆಂಚುಗಳಲ್ಲಿ ಕೂತರು. ಹಲವರು ಜೀವಮಾನದಲ್ಲಿ ಚರ್ಚಿನೊಳಗೆ ಕಾಲಿಟ್ಟವರಲ್ಲ. ಫ್ಯೂರರ್ ಅವರ ಬಳಿ ಬಂದು ಸ್ವಾಗತ ಕೋರಿದರು. ದುಡಿಯುವ ಜನ ಕೆಲಸ ಮುಗಿಸಿ ನಾಲ್ಕರ ಮೇಲೆ ಬರುತ್ತಾರೆ, ಅವರಿಗಾಗಿ ಮೇಲಿನ ಮಹಡಿ ಸಾಲುಗಳನ್ನು ಮುಚ್ಚಿಟ್ಟಿದ್ದೇನೆ ಎಂದರು. ಕಾರ್ಮಿಕರ ಪಕ್ಷದವರಿಗೆ ಏನು ಹೇಳಲೂ ತೋಚಲಿಲ್ಲ. ಪ್ರಾರ್ಥನೆ ಕೆಡಿಸಲು ಬಂದವರು ಪರ್ವತ ಪ್ರಸಂಗವನ್ನು ಕೇಳುತ್ತ ಕೂತರು. ಎಲ್ಲರಿಗೂ ತೆರೆದಿದೆ ಎಂಬ ಹಲಗೆಯ ಮಾತು ಅಂದು ಅವರಿಗೂ ಅನ್ವಯಿಸಿತು.

ಅಂದು ನಗರದ ನಾಲ್ಕು ಚರ್ಚುಗಳಲ್ಲಿ ಏಕಕಾಲಕ್ಕೆ ಪ್ರಾರ್ಥನೆ. ಬಿಷಪ್ ಯೋಹಾನ್ನೆಸ್ ಹೆಂಪೆಲ್ ಒಂದರಿಂದ ಇನ್ನೊಂದಕ್ಕೆ ಹೋಗಿ ಯಾರೂ ಕೈಯೆತ್ತಬಾರದೆಂದು ಬೇಡಿಕೊಂಡರು. ಲೂಕನ ಚರ್ಚಿನಲ್ಲಿ ಗುಂಪುಗಳ ಯುವಕರು ಕೈಯಚ್ಚಿನ ಯಂತ್ರದಲ್ಲಿ ರಾತ್ರಿ ಹಗಲೆನ್ನದೆ ತೆಗೆದ ಸುಮಾರು 25,000 ಕರಪತ್ರಗಳು ಜನರ ಕೈ ಸೇರಿದವು. ಪೊಲೀಸರೂ ನಮ್ಮವರೇ, ನಾವೆಲ್ಲ ಒಂದೇ ಜನ, ಹಿಂಸೆ ಬೇಡ ಎಂಬ ಮನವಿ ಅದು. ಇನ್ನೊಂದು ಮನವಿ ಯಾರೂ ನಿರೀಕ್ಷಿಸದ ಕಡೆಯಿಂದ ಬಂತು. ಗೆವಾಂಡ್‌ಹೌಸ್ ವಾದ್ಯವೃಂದದ ನಿರ್ದೇಶಕ ಕುರ್ಟ್ ಮಾಸುರ್, ಒಬ್ಬ ದೇವಶಾಸ್ತ್ರಜ್ಞ, ಒಬ್ಬ ಹಾಸ್ಯ ಕಲಾವಿದ ಮತ್ತು ಪಕ್ಷದ ಜಿಲ್ಲಾ ಸಮಿತಿಯ ಮೂವರು ಕಾರ್ಯದರ್ಶಿಗಳು ಮಾಸುರ್ ಮನೆಯಲ್ಲಿ ಸೇರಿ ಬರೆದದ್ದು. ಸಂವಾದ ನಡೆಯಲಿ, ಶಾಂತರಾಗಿರಿ ಎಂಬ ಅದರ ಸಾಲುಗಳನ್ನು ಚರ್ಚುಗಳಲ್ಲಿ ಓದಿದರು. ಬೀದಿಬೀದಿಯ ಧ್ವನಿವರ್ಧಕಗಳಲ್ಲಿ ಮಾಸುರ್ ಅವರ ದನಿ ಕೇಳಿಸಿತು.

ಸುಮಾರು 6 ಗಂಟೆಗೆ ಬಾಗಿಲುಗಳು ತೆರೆದಾಗ ಒಳಗಿದ್ದವರಿಗೆ ಹೊರಗೆ ಕಾಲಿಡಲು ಜಾಗವಿರಲಿಲ್ಲ. ಚರ್ಚುಗಳೊಳಗೆ ಕೆಲವು ಸಾವಿರ, ಹೊರಗೆ ಹತ್ತಾರು ಸಾವಿರ. ಮೇಣದಬತ್ತಿ ಹಿಡಿದವರಿಗೆ ಎರಡೂ ಕೈ ಬೇಕಾಗುತ್ತದೆ, ಒಂದು ಬತ್ತಿಗೆ, ಇನ್ನೊಂದು ಗಾಳಿಗೆ ಅಡ್ಡ ಹಿಡಿಯಲು. ಕಲ್ಲೆತ್ತಲು ಕೈ ಉಳಿಯುವುದಿಲ್ಲ ಎಂದು ಫ್ಯೂರರ್ ಮುಂದೆ ಎಷ್ಟೋ ಸಲ ನೆನಪಿಸಿಕೊಂಡರು. ಮೆರವಣಿಗೆ ಕಾರ್ಲ್ ಮಾರ್ಕ್ಸ್ ಚೌಕದಿಂದ, ಅಂದರೆ 1968ರಲ್ಲಿ ಚರ್ಚು ಉರುಳಿದ ಅದೇ ಜಾಗದಿಂದ ಹೊರಟು, ರೈಲು ನಿಲ್ದಾಣ ದಾಟಿ, ಸ್ಟಾಜಿಯ ಕಚೇರಿಯ ಮುಂದಿನಿಂದ ಸಾಗಿ, ಹಳೆಯ ನಗರವನ್ನು ಸುತ್ತುವ ವರ್ತುಲ ರಸ್ತೆಯನ್ನು ಪೂರೈಸಿತು. ಸ್ಟಾಜಿ ಕಚೇರಿಯ ಮೆಟ್ಟಿಲ ಮೇಲೆ ಜನ ಮೇಣದಬತ್ತಿಗಳನ್ನು ಇಟ್ಟರು. 'ಹಿಂಸೆ ಬೇಡ', 'ನಾವೇ ಪ್ರಜೆಗಳು' ಎಂಬ ಎರಡು ಕೂಗು. ಸಂಖ್ಯೆ 70,000 ಎಂದು ರೂಢಿಯ ಲೆಕ್ಕ, ನಂತರದ ಕೆಲವು ಅಂದಾಜುಗಳು ಲಕ್ಷ ದಾಟುತ್ತವೆ. ಒಂದೇ ಒಂದು ಗುಂಡು ಹಾರಲಿಲ್ಲ, ಒಂದು ಅಂಗಡಿಯ ಗಾಜೂ ಒಡೆಯಲಿಲ್ಲ.

ಗುಂಡು ಹಾರಿಸದಿರುವ ತೀರ್ಮಾನ ಯಾರದು? ಪಕ್ಷದ ಜಿಲ್ಲಾ ಹೊಣೆ ಹೊತ್ತಿದ್ದ ಹೆಲ್ಮುಟ್ ಹಾಕನ್‌ಬರ್ಗ್ ಬರ್ಲಿನ್‌ಗೆ ಫೋನು ಮಾಡಿ ಪಕ್ಷದ ಹಿರಿಯ ನಾಯಕ ಎಗಾನ್ ಕ್ರೆಂಜ್ ಅವರ ಅಪ್ಪಣೆ ಕೇಳಿದರು. ಮರಳಿ ಕರೆ ಬರುವಷ್ಟರಲ್ಲಿ ಜನಸಾಗರ ಕೈಮೀರಿ ಹೋಗಿತ್ತು, ಪೊಲೀಸರಿಗೆ ಹಿಂದೆ ಸರಿಯಲು ಹೇಳಿ ಆಗಿತ್ತು. ಈ ಶ್ರೇಯಸ್ಸನ್ನು ಕ್ರೆಂಜ್ ಮುಂದೆ ತಮ್ಮದೆಂದರು, ಹೆಚ್ಚಿನ ಇತಿಹಾಸಕಾರರು ಒಪ್ಪುವುದಿಲ್ಲ.

ಆ ರಾತ್ರಿ ಬರ್ಲಿನ್‌ನಿಂದ ಬಂದಿದ್ದ ಸೀಗ್‌ಬರ್ಟ್ ಶೆಫ್ಕೆ ಮತ್ತು ಆರಾಮ್ ರಾಡೊಮ್ಸ್ಕಿ ಎಂಬ ಇಬ್ಬರು ಯುವಕರು ಸುಧಾರಿತ ಸಭೆಯ ಚರ್ಚಿನ ಗೋಪುರದ ಮೇಲೆ ಪಾರಿವಾಳದ ಹಿಕ್ಕೆಯ ನಡುವೆ ಮಲಗಿ ಮೆರವಣಿಗೆಯನ್ನು ಚಿತ್ರೀಕರಿಸಿದರು. ಮರುದಿನ ಅದು ಪಶ್ಚಿಮದ ಟಿವಿಯಲ್ಲಿ ಪ್ರಸಾರವಾಯಿತು. ಮುಂದಿನ ಸೋಮವಾರ ಲಕ್ಷಕ್ಕೂ ಹೆಚ್ಚು ಜನ. ಅಕ್ಟೋಬರ್ 18ರಂದು ಹೊನೆಕರ್ ರಾಜೀನಾಮೆ. ನವೆಂಬರ್ 9ರ ರಾತ್ರಿ ಗೋಡೆ ತೆರೆಯಿತು. ಡಿಸೆಂಬರ್ 4ರಂದು ಲೈಪ್‌ಜಿಗ್‌ನ ಜನ ಸ್ಟಾಜಿ ಕಚೇರಿಯನ್ನು ವಶಕ್ಕೆ ತೆಗೆದುಕೊಂಡರು. ಗೋಡೆ ತೆರೆದದ್ದನ್ನಾಗಲಿ ಇದನ್ನಾಗಲಿ ವೊನೆಬೆರ್ಗರ್ ಬೀದಿಯಲ್ಲಿ ನಿಂತು ನೋಡಲಿಲ್ಲ. ಅಕ್ಟೋಬರ್ 30ರಂದು ಅವರಿಗೆ ಮಿದುಳಿನ ಆಘಾತವಾಗಿ ಮಾತೇ ನಿಂತುಹೋಯಿತು. ವರ್ಷಗಟ್ಟಲೆ ಅವರು ಒಂದೊಂದೇ ಪದವನ್ನು ಮಗುವಿನಂತೆ ಮತ್ತೆ ಕಲಿತರು. ಜಗತ್ತಿನ ಪತ್ರಕರ್ತರು ಬಂದದ್ದು ಫ್ಯೂರರ್ ಬಳಿಗೆ. ಹಾಗಾಗಿ ದೀರ್ಘಕಾಲ ಒಬ್ಬರ ಹೆಸರೇ ಮುಂದೆ ಬಂತು. 2014ರಲ್ಲಿ ಜರ್ಮನಿಯ ರಾಷ್ಟ್ರೀಯ ಪುರಸ್ಕಾರ ಇಬ್ಬರನ್ನೂ ಒಟ್ಟಿಗೆ ಗೌರವಿಸಿತು.

ವಿದ್ವಾಂಸರ ವಾದ ಇನ್ನೂ ಇದೆ. ಗೋರ್ಬಚೇವ್ ಸೈನ್ಯ ಕಳುಹಿಸದಿದ್ದದ್ದೇ ಕಾರಣ, ಖಜಾನೆ ಬರಿದಾದದ್ದೇ ಕಾರಣ ಎನ್ನುವವರಿದ್ದಾರೆ. ದೇಶ ಬಿಡಲು ನಿಂತವರ ಒತ್ತಡವೇ ಮೊದಲ ಬಿರುಕು ಎನ್ನುವವರಿದ್ದಾರೆ. ಧರ್ಮಾಧಿಕಾರಿಗಳು ಅಡ್ಡಗಾಲು ಹಾಕಿದರೂ ಗುಂಪುಗಳೇ ಗೆಲ್ಲಿಸಿದವು ಎಂದು ಹಳೆಯ ಹೋರಾಟಗಾರರು ಹೇಳುತ್ತಾರೆ. ಎರಡು ದಿನ ಮುಂಚೆ ಪ್ಲೌಎನ್ ಎಂಬ ಸಣ್ಣ ಊರಿನಲ್ಲೂ ಜನ ಬೀದಿಗಿಳಿದು ಪೊಲೀಸರನ್ನು ಹಿಮ್ಮೆಟ್ಟಿಸಿದ್ದರು ಎಂಬುದೂ ನಿಜ. ಇವೆಲ್ಲ ಸರ್ಕಾರ ಏಕೆ ಬಿತ್ತು ಎಂಬುದಕ್ಕೆ ಉತ್ತರ. ರಕ್ತ ಹರಿಯದೆ ಏಕೆ ಬಿತ್ತು ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ನಿಕೊಲಾಯ್ ಚರ್ಚಿಗೇ ಬರಬೇಕಾಗುತ್ತದೆ. ಹಿಂಸೆ ಬೇಡ ಎಂಬ ಕೂಗನ್ನು ಎಪ್ಪತ್ತು ಸಾವಿರ ಜನ ಒಂದೇ ಸಂಜೆಯಲ್ಲಿ ಕಲಿಯಲಿಲ್ಲ. ಏಳು ವರ್ಷ ಪ್ರತಿ ಸೋಮವಾರ ಅದರ ಪಾಠ ನಡೆದಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಚರ್ಚುಗಳು ತುಂಬಲಿಲ್ಲ. ಬೀದಿಗೆ ಇಳಿದವರಲ್ಲಿ ಹೆಚ್ಚಿನವರು ಚರ್ಚಿಗೆ ಮರಳಲೇ ಇಲ್ಲ. ಚರ್ಚು ಬಳಕೆಯಾಗಿ ಬಿಸಾಡಲ್ಪಟ್ಟಿತು ಎಂದು ಕೆಲವರು ನೊಂದು ನುಡಿದರು. ಫ್ಯೂರರ್ ಹಾಗೆ ತಿಳಿಯಲಿಲ್ಲ. ಏಕೀಕರಣದ ಬೆನ್ನಿಗೇ ಲೈಪ್‌ಜಿಗ್‌ನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು, ಅಕ್ಟೋಬರ್‌ನಲ್ಲಿ ಮೆರವಣಿಗೆ ಹೋದ ಕಾರ್ಮಿಕರೇ ಕೆಲಸ ಕಳೆದುಕೊಂಡು ಮನೆಯಲ್ಲಿ ಕೂತರು. ನಿಕೊಲಾಯ್ ಚರ್ಚಿನಲ್ಲಿ ನಿರುದ್ಯೋಗಿಗಳಿಗಾಗಿ ಒಂದು ಕೇಂದ್ರ ಆರಂಭವಾಯಿತು. ಅರ್ಜಿ ಬರೆದುಕೊಡುವುದು, ಕಾನೂನು ಹೇಳಿಕೊಡುವುದು, ಸುಮ್ಮನೆ ಕೂತು ಮಾತು ಕೇಳುವುದು ಅಲ್ಲಿನ ಕೆಲಸ. ನವ ನಾಜಿಗಳು ಊರಲ್ಲಿ ಮೆರವಣಿಗೆ ಹೊರಟಾಗ ಎದುರು ನಿಂತವರಲ್ಲಿ ಅದೇ ಜೀನ್ಸ್ ಜಾಕೆಟ್ಟು ಕಾಣುತ್ತಿತ್ತು. 2006ರಲ್ಲಿ ಲೈಪ್‌ಜಿಗ್‌ನ ಇಬ್ಬರು ಇಂಜಿನಿಯರುಗಳನ್ನು ಇರಾಕಿನಲ್ಲಿ ಅಪಹರಿಸಿದಾಗ, ಅವರು ಬಿಡುಗಡೆಯಾಗುವವರೆಗೂ, 99 ದಿನ, ಚರ್ಚು ಅವರಿಗಾಗಿ ಪ್ರಾರ್ಥಿಸುತ್ತ ಕಾದಿತು.

ಫ್ಯೂರರ್ 2008ರಲ್ಲಿ ನಿವೃತ್ತರಾದರು, 2014ರ ಜೂನ್ 30ರಂದು ತೀರಿಕೊಂಡರು. ಆ ದಿನವೂ ಸೋಮವಾರವಾಗಿತ್ತು. ಸಂಜೆ 5ರ ಪ್ರಾರ್ಥನೆ ನಿಕೊಲಾಯ್ ಚರ್ಚಿನಲ್ಲಿ ಇಂದಿಗೂ ನಡೆಯುತ್ತಿದೆ.